ಪೆನ್‌ಡ್ರೈವ್ ಖಾಲಿ ಇದ್ದರೂ ದೊಡ್ಡ ಫೈಲ್ ಏಕೆ ಹಿಡಿಸುವುದಿಲ್ಲ?

ಪ್ರಶ್ನೆ: ನನ್ನ 64 ಜಿಬಿ ಪೆನ್‌ಡ್ರೈವ್ ಬಹುತೇಕ ಖಾಲಿ ಇದೆ. 7 ಜಿಬಿಯ ಒಂದು ವಿಡಿಯೊವನ್ನು ಅದಕ್ಕೆ ನಕಲಿಸಲು ಹೋದರೆ, ಈ ಫೈಲ್ ಅಲ್ಲಿನ ಫೈಲ್ ಸಿಸ್ಟಂಗೆ ತೀರಾ ದೊಡ್ಡದು ಎಂಬ ಸಂದೇಶ ಬರುತ್ತದೆ. ಅದೇ ಪೆನ್‌ಡ್ರೈವ್‌ಗೆ ಚಿಕ್ಕ ಚಿಕ್ಕ ಫೈಲ್‌ಗಳನ್ನು 20 ಜಿಬಿಯಷ್ಟು ತುಂಬಿದಾಗ ಯಾವ ತಕರಾರೂ ಇರಲಿಲ್ಲ. ಡ್ರೈವ್ ಕೆಟ್ಟಿದೆಯೇ? ಬೇರೆ ಬೇರೆ ಫೈಲ್ ಸಿಸ್ಟಂಗಳಲ್ಲಿ ಒಂದು ಫೈಲ್ ಎಷ್ಟು ದೊಡ್ಡದಿರಬಹುದು? ವಿಂಡೋಸ್, ಮ್ಯಾಕ್, ಟಿವಿ ಮೂರರಲ್ಲೂ ಬಳಸುವ ನಾನು ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಡ್ರೈವ್ ಚೆನ್ನಾಗಿಯೇ ಇದೆ. ಅದು ಫ್ಯಾಟ್32 ಎಂಬ ಫೈಲ್ ಸಿಸ್ಟಂನಲ್ಲಿ (ಡ್ರೈವ್‌ನಲ್ಲಿ ಫೈಲ್‌ಗಳನ್ನು ಇಟ್ಟು ಲೆಕ್ಕವಿಡುವ ಪದ್ಧತಿ) ಫಾರ್ಮ್ಯಾಟ್ ಆಗಿದೆ ಎಂಬುದು ನಿಮ್ಮ ವಿವರಣೆಯಿಂದಲೇ ತಿಳಿಯುತ್ತದೆ. ಫ್ಯಾಟ್32ರಲ್ಲಿ ಯಾವುದೇ ಒಂದು ಫೈಲ್ 4 ಜಿಬಿಗೆ ಒಂದು ಬೈಟ್ ಕಡಿಮೆ, ಅಂದರೆ 4,29,49,67,295 ಬೈಟ್‌ಗಳನ್ನು ಮೀರುವಂತಿಲ್ಲ. ಡ್ರೈವ್ 8 ಜಿಬಿಯದ್ದಾಗಿರಲಿ, 1 ಟಿಬಿಯದ್ದಾಗಿರಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಚಿಕ್ಕ ಫೈಲ್‌ಗಳನ್ನು ಎಷ್ಟು ತುಂಬಿದರೂ ತಕರಾರು ಬಾರದಿರುವುದಕ್ಕೆ ಕಾರಣ ಇದೇ: ಮಿತಿ ಇರುವುದು ಫೈಲ್‌ಗೆ, ಒಟ್ಟು ಸಾಮಗ್ರಿಗೆ ಅಲ್ಲ.

ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ನೋಡಿದರೆ ಉಳಿದ ಫೈಲ್ ಸಿಸ್ಟಂಗಳ ಮಿತಿಗಳೂ ತಾವಾಗಿ ಅರ್ಥವಾಗುತ್ತವೆ. ಫ್ಯಾಟ್32ರಲ್ಲಿ ಪ್ರತಿ ಫೈಲ್‌ಗೂ ಅದಿರುವ ಫೋಲ್ಡರ್‌ನಲ್ಲಿ 32 ಬೈಟ್‌ಗಳ ಒಂದು ನಮೂದು ಇರುತ್ತದೆ. ಮೊದಲ 8 ಬೈಟ್ ಹೆಸರಿಗೆ, ಮುಂದಿನ 3 ವಿಸ್ತರಣೆಗೆ, 1 ಬೈಟ್ ಗುಣಲಕ್ಷಣಗಳಿಗೆ. ಆಮೇಲೆ ಸೃಷ್ಟಿಯಾದ ವೇಳೆ, ತಿದ್ದಿದ ವೇಳೆ, ಫೈಲ್‌ನ ಮೊದಲ ಕ್ಲಸ್ಟರ್ (ಡಿಸ್ಕ್‌ನ ಜಾಗವನ್ನು ಹಂಚಿಕೊಡುವ ತುಣುಕು) ಎಲ್ಲಿದೆ ಎಂಬ ವಿಳಾಸ. ಕಟ್ಟಕಡೆಯ 4 ಬೈಟ್‌ಗಳಲ್ಲಿ ಫೈಲ್‌ನ ಗಾತ್ರ. ನಾಲ್ಕು ಬೈಟ್ ಎಂದರೆ 32 ಬಿಟ್. ಅಷ್ಟರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಮೇಲೆ ಹೇಳಿದ 4,29,49,67,295. ಮುದ್ರಿತ ಅರ್ಜಿಯೊಂದರಲ್ಲಿ ಮೊತ್ತ ಬರೆಯಲು ಆರೇ ಚೌಕಗಳಿದ್ದರೆ ಹತ್ತು ಲಕ್ಷವನ್ನು ಅದರಲ್ಲಿ ಹೇಗೂ ತುಂಬಲಾಗದು. ಕೈಯಲ್ಲಿ ಹಣವಿದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ 7 ಜಿಬಿ ವಿಡಿಯೊದ ಪಾಡೂ ಅದೇ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಫೈಲ್‌ನ ದತ್ತಾಂಶವನ್ನು ಫ್ಯಾಟ್32 ಕ್ಲಸ್ಟರ್‌ಗಳ ಸರಪಳಿಯಾಗಿ ಇಡುತ್ತದೆ. ಒಂದು ಕ್ಲಸ್ಟರ್ ಮುಗಿದರೆ ಮುಂದಿನದು ಯಾವುದು ಎಂದು ಒಂದು ಕೋಷ್ಟಕದಲ್ಲಿ ಬರೆದಿರುತ್ತದೆ. ಆ ಕೋಷ್ಟಕದಲ್ಲಿ ಕ್ಲಸ್ಟರ್ ಸಂಖ್ಯೆಗೆ 28 ಬಿಟ್‌ಗಳಿವೆ. ಕ್ಲಸ್ಟರ್ 32 ಕೆಬಿಯದ್ದಾದರೆ ಸರಪಳಿ 8 ಟಿಬಿಯ ಹತ್ತಿರದವರೆಗೂ ಸಾಗಬಲ್ಲದು. ದತ್ತಾಂಶವನ್ನು ಹಿಡಿದಿಡುವ ಭಾಗಕ್ಕೆ ನಿಮ್ಮ ವಿಡಿಯೊ ಏನೇನೂ ಭಾರವಲ್ಲ ಎಂದಾಯಿತು. ಅದರ ಉದ್ದವನ್ನು ಬರೆದಿಡುವ ನಾಲ್ಕು ಬೈಟ್‌ಗಳಷ್ಟೇ ಸಾಲದೆ ಹೋಗಿವೆ. ಫೈಲ್ ಸಿಸ್ಟಂನೊಳಗೆ ಹೀಗೆ ಹಲವು ಎಣಿಕೆಗಳು ಏಕಕಾಲದಲ್ಲಿ ನಡೆಯುತ್ತಿರುತ್ತವೆ, ಮತ್ತು ಮಿತಿಯನ್ನು ನಿರ್ಧರಿಸುವುದು ಅವುಗಳಲ್ಲಿ ಮೊದಲು ಸೋಲುವ ಎಣಿಕೆ.

ಫ್ಯಾಟ್32 ಬಂದದ್ದು 1996ರಲ್ಲಿ, ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಂದಿಗೆ. ಅದರ ಹಿಂದಿನ ಫ್ಯಾಟ್16ರಲ್ಲಿ ಡಿಸ್ಕ್‌ನ ಒಂದು ವಿಭಾಗವೇ ಸಾಮಾನ್ಯವಾಗಿ 2 ಜಿಬಿ ಮೀರುವಂತಿರಲಿಲ್ಲ. ಇಡೀ ಡಿಸ್ಕ್ ಒಂದೆರಡು ಜಿಬಿ ಇದ್ದ ಕಾಲದಲ್ಲಿ 4 ಜಿಬಿಯ ಒಂದೇ ಫೈಲ್ ಎಂಬುದು ಯಾರ ಕಲ್ಪನೆಗೂ ತೊಂದರೆ ಕೊಡುವ ವಿಷಯವಾಗಿರಲಿಲ್ಲ. ನಂತರ ಆ 4 ಬೈಟ್‌ಗಳನ್ನು 8ಕ್ಕೆ ಹಿಗ್ಗಿಸಲು ಸಾಧ್ಯವಾಗಲಿಲ್ಲವೇ ಎಂದು ಕೇಳಬಹುದು. ಹಿಗ್ಗಿಸಿದರೆ ಅದು ಫ್ಯಾಟ್32 ಆಗಿ ಉಳಿಯುವುದಿಲ್ಲ. ಹಳೆಯ ಕ್ಯಾಮೆರಾ, ಕಾರಿನ ಸ್ಟೀರಿಯೊ, ಪ್ರಿಂಟರ್ ಎಲ್ಲವೂ ಆ 32 ಬೈಟ್‌ಗಳ ನಮೂದನ್ನು ಇದ್ದ ಹಾಗೆಯೇ ಓದಲು ಕಲಿತಿವೆ. ಎಲ್ಲೆಡೆ ಓದಲು ಬರುವುದೇ ಫ್ಯಾಟ್32ರ ಬಂಡವಾಳ; ಅದನ್ನು ಬದಲಿಸಿದರೆ ಆ ಬಂಡವಾಳವೇ ಕರಗುತ್ತದೆ.

ಅಂದಹಾಗೆ, ‘ಫ್ಯಾಟ್32ರಲ್ಲಿ 32 ಜಿಬಿಗಿಂತ ದೊಡ್ಡ ಡ್ರೈವ್ ಸಾಧ್ಯವಿಲ್ಲ’ ಎಂಬ ಮಾತನ್ನು ನೀವು ಎಲ್ಲಿಯಾದರೂ ಓದಿದ್ದರೆ ನಂಬಬೇಡಿ. ಅದು ವಿಂಡೋಸ್‌ನ ಫಾರ್ಮ್ಯಾಟ್ ಸೌಲಭ್ಯಕ್ಕೆ ಬಹುಕಾಲ ಹಾಕಿದ್ದ ಕಟ್ಟುಪಾಡು. ಸಾಮಾನ್ಯ 512 ಬೈಟ್ ಸೆಕ್ಟರ್‌ಗಳ ಡಿಸ್ಕ್‌ನಲ್ಲಿ ಫ್ಯಾಟ್32 ವಿಭಾಗ 2 ಟಿಬಿವರೆಗೂ ಇರಬಹುದು. ನಿಮ್ಮ 64 ಜಿಬಿ ಡ್ರೈವ್ ಕಾರ್ಖಾನೆಯಿಂದಲೇ ಫ್ಯಾಟ್32 ಆಗಿ ಬಂದಿದ್ದರೆ ಆಶ್ಚರ್ಯವಿಲ್ಲ.

4 ಜಿಬಿಯ ಗೆರೆ ನಿತ್ಯಬಳಕೆಯಲ್ಲಿ ಕಾಲಿಗೆ ತೊಡರುವುದು ಮೂರು ನಾಲ್ಕು ಕಡೆ. ಒಂದು ಪದರದ ಡಿವಿಡಿಯ ಮೇಲೆ 4.7 ಜಿಬಿ ಎಂದು ಬರೆದಿರುತ್ತದೆ. ಅದು 1,024ರ ಬದಲು ಸಾವಿರದ ಲೆಕ್ಕದ್ದು, ಸುಮಾರು 470 ಕೋಟಿ ಬೈಟ್. ಫ್ಯಾಟ್32ರ ಮಿತಿ ಸುಮಾರು 429 ಕೋಟಿ. ತುಂಬಿದ ಡಿವಿಡಿಯೊಂದರ ಪೂರ್ಣ ಪ್ರತಿಬಿಂಬವನ್ನು ಒಂದೇ ಫೈಲ್ ಆಗಿ ಇಡಲು ಹೋದರೆ ಸ್ವಲ್ಪದರಲ್ಲಿ ತಪ್ಪಿಹೋಗುತ್ತದೆ. ಕ್ಯಾಮೆರಾಗಳಲ್ಲಿ ದೀರ್ಘ ವಿಡಿಯೊ ತೆಗೆದಾಗ ಅದು ಹಲವು ತುಂಡುಗಳಾಗಿ ಕಾರ್ಡ್‌ನಲ್ಲಿ ಕೂತಿರುವುದನ್ನು ನೀವು ಕಂಡಿರಬಹುದು. 4 ಜಿಬಿ ಹತ್ತಿರವಾದಂತೆ ಕ್ಯಾಮೆರಾ ತಾನೇ ಹೊಸ ಫೈಲ್ ಶುರು ಮಾಡುತ್ತದೆ. ವಿಂಡೋಸ್ ಅನುಸ್ಥಾಪನೆಗೆ ಯುಎಸ್‌ಬಿ ತಯಾರಿಸುವವರಿಗಂತೂ ಇದು ಹಳೆಯ ತಲೆನೋವು: ಯುಇಎಫ್‌ಐ (ಕಂಪ್ಯೂಟರನ್ನು ಶುರುಮಾಡುವ ಒಳತಂತ್ರಾಂಶ) ಇರುವ ಯಂತ್ರಗಳು ಬೂಟ್ ಆಗಲು ಫ್ಯಾಟ್ ಬಗೆಯ ವಿಭಾಗವನ್ನೇ ಹುಡುಕುತ್ತವೆ, ಆದರೆ ವಿಂಡೋಸ್‌ನ ಮುಖ್ಯ ಅನುಸ್ಥಾಪನಾ ಫೈಲ್ ಈಗೀಗ 4 ಜಿಬಿ ಮೀರುತ್ತದೆ. ಆ ಫೈಲನ್ನು ಡಿಸ್ಮ್ ಎಂಬ ಉಪಕರಣದಿಂದ ಎರಡಾಗಿ ಕತ್ತರಿಸಿ ಹಾಕುವುದೇ ಅದಕ್ಕೆ ಮದ್ದು. ಅನುಸ್ಥಾಪಕಕ್ಕೆ ಆ ತುಂಡುಗಳನ್ನು ಜೋಡಿಸಿಕೊಳ್ಳಲು ಬರುತ್ತದೆ.

ಈಗ ಉಳಿದ ಫೈಲ್ ಸಿಸ್ಟಂಗಳು. ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿ 3.1ರ ಜೊತೆ ಬಂತು, ಅಂದರೆ ಫ್ಯಾಟ್32ಗಿಂತಲೂ ಮೊದಲು. ಅದರಲ್ಲಿ ಗಾತ್ರದ ಜಾಗ 64 ಬಿಟ್‌ಗಳದ್ದು. ಆ ಲೆಕ್ಕದಲ್ಲಿ ಫೈಲ್ 16 ಎಕ್ಸಾಬೈಟ್‌ವರೆಗೆ ಬೆಳೆಯಬೇಕು (ಒಂದು ಎಕ್ಸಾಬೈಟ್ ಎಂದರೆ ಸುಮಾರು ಹತ್ತು ಲಕ್ಷ ಟಿಬಿ). ಆದರೆ ವಿಂಡೋಸ್ ಒಂದು ವಿಭಾಗದಲ್ಲಿ ಎಣಿಸುವ ಕ್ಲಸ್ಟರ್‌ಗಳ ಸಂಖ್ಯೆಯನ್ನು 32 ಬಿಟ್‌ಗೆ ಕಟ್ಟಿಹಾಕಿದೆ. ಸಾಮಾನ್ಯ ಕ್ಲಸ್ಟರ್ 4 ಕೆಬಿ. 32 ಬಿಟ್‌ಗಳಷ್ಟು ಕ್ಲಸ್ಟರ್‌ಗಳಿಗೆ 4 ಕೆಬಿ ಗುಣಿಸಿದರೆ 16 ಟಿಬಿ. ಕ್ಲಸ್ಟರನ್ನು 64 ಕೆಬಿಗೆ ಏರಿಸಿದರೆ 256 ಟಿಬಿ. ವಿಂಡೋಸ್ 10ರ ಈಚಿನ ಆವೃತ್ತಿಗಳಿಂದ ಮೊದಲ್ಗೊಂಡು 2 ಎಂಬಿಯ ಕ್ಲಸ್ಟರ್‌ಗೂ ಅವಕಾಶವಿದ್ದು, ಮಿತಿ 8 ಪೆಟಾಬೈಟ್‌ಗೆ ಏರಿದೆ (ಒಂದು ಪೆಟಾಬೈಟ್ ಎಂದರೆ 1,024 ಟಿಬಿ). ಹೀಗೆ ಒಂದೇ ಫೈಲ್ ಸಿಸ್ಟಂಗೆ ಒಬ್ಬರು 16 ಟಿಬಿ ಎಂದೂ ಇನ್ನೊಬ್ಬರು 16 ಎಕ್ಸಾಬೈಟ್ ಎಂದೂ ಬರೆಯುತ್ತಾರೆ. ಒಬ್ಬರು ನೋಡಿದ್ದು ಇಂದಿನ ತಂತ್ರಾಂಶವನ್ನು, ಇನ್ನೊಬ್ಬರು ನೋಡಿದ್ದು ವಿನ್ಯಾಸದ ಕಾಗದವನ್ನು.

ಎನ್‌ಟಿಎಫ್‌ಎಸ್‌ನಲ್ಲಿ ಕೋಷ್ಟಕಗಳು ಹೇಳದ ಇನ್ನೊಂದು ಮಿತಿಯೂ ಇದೆ. ಫೈಲ್ ಡಿಸ್ಕ್‌ನ ತುಂಬ ಚೂರುಚೂರಾಗಿ ಹರಡಿಕೊಂಡಾಗ ಪ್ರತಿ ಚೂರಿನ ವಿಳಾಸವನ್ನೂ ಬರೆದಿಡಬೇಕಾಗುತ್ತದೆ. ಆ ವಿಳಾಸಗಳ ಪಟ್ಟಿಗೂ ಒಂದು ಗರಿಷ್ಠ ಗಾತ್ರವಿದೆ. ಅದು ತುಂಬಿದ ದಿನ 16 ಟಿಬಿಯ ಹತ್ತಿರವೂ ಹೋಗದ ಫೈಲ್ ಬೆಳೆಯುವುದನ್ನು ನಿಲ್ಲಿಸಿಬಿಡುತ್ತದೆ. ವರ್ಷಗಟ್ಟಲೆ ತುಸುತುಸುವೇ ಬೆಳೆಯುವ ಬೃಹತ್ ಡೇಟಾಬೇಸ್ ಮತ್ತು ಬ್ಯಾಕಪ್ ಫೈಲ್‌ಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಅಂಥ ಡಿಸ್ಕ್‌ಗಳನ್ನು ಫಾರ್ಮ್ಯಾಟ್ ಮಾಡುವಾಗಲೇ ದೊಡ್ಡ ದಾಖಲೆಗಳ ಆಯ್ಕೆಯನ್ನೂ ದೊಡ್ಡ ಕ್ಲಸ್ಟರನ್ನೂ ಆರಿಸಿಕೊಳ್ಳುವುದು ಸರ್ವರ್ ನೋಡಿಕೊಳ್ಳುವವರ ರೂಢಿ. ಪೆನ್‌ಡ್ರೈವ್‌ಗೆ ಇದು ಬೇಕಿಲ್ಲ.

ಯಾವ ಎಣಿಕೆ ಮೊದಲು ಸೋಲುತ್ತದೆ ಎಂಬುದಕ್ಕೆ ನನಗೆ ಅತ್ಯಂತ ಇಷ್ಟದ ಉದಾಹರಣೆ ಲಿನಕ್ಸ್‌ನ ಹಳೆಯ ಎಕ್ಸ್ಟ್2, ಎಕ್ಸ್ಟ್3. ಅವುಗಳಲ್ಲಿ ಪ್ರತಿ ಫೈಲ್‌ನ ಐನೋಡ್‌ನಲ್ಲಿ (ಫೈಲ್‌ನ ವಿವರಗಳನ್ನು ಬರೆದಿಡುವ ದಾಖಲೆ) 15 ವಿಳಾಸಗಳಿರುತ್ತವೆ. ಮೊದಲ 12 ನೇರವಾಗಿ ದತ್ತಾಂಶದ ಬ್ಲಾಕ್‌ಗಳನ್ನು (ಕ್ಲಸ್ಟರ್‌ಗೆ ಲಿನಕ್ಸ್‌ನಲ್ಲಿರುವ ಹೆಸರು) ತೋರಿಸುತ್ತವೆ. 4 ಕೆಬಿ ಬ್ಲಾಕ್ ಆದರೆ ಅಷ್ಟಕ್ಕೆ 48 ಕೆಬಿ. 13ನೆಯದು ವಿಳಾಸಗಳೇ ತುಂಬಿದ ಒಂದು ಬ್ಲಾಕನ್ನು ತೋರಿಸುತ್ತದೆ. ವಿಳಾಸವೊಂದಕ್ಕೆ 4 ಬೈಟ್, ಹಾಗಾಗಿ ಒಂದು ಬ್ಲಾಕ್‌ನಲ್ಲಿ 1,024 ವಿಳಾಸ, ಒಟ್ಟು 4 ಎಂಬಿ. 14ನೆಯದು ಎರಡು ಹಂತದ್ದು: 4 ಜಿಬಿ. 15ನೆಯದು ಮೂರು ಹಂತದ್ದು: 4 ಟಿಬಿ. ಹಾಗಾದರೆ ಮಿತಿ 4 ಟಿಬಿಗಿಂತ ಚೂರು ಹೆಚ್ಚಿರಬೇಕಲ್ಲವೇ? ಇರುವುದು 2 ಟಿಬಿ. ಫೈಲ್ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಐನೋಡ್‌ನ ಇನ್ನೊಂದು ಮೂಲೆಯಲ್ಲಿ 512 ಬೈಟ್‌ಗಳ ತುಣುಕುಗಳ ಲೆಕ್ಕದಲ್ಲಿ, 32 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಆ ಎಣಿಕೆ 2 ಟಿಬಿಗೇ ಮುಗಿದುಹೋಗುತ್ತದೆ. ಅದೇ ಬ್ಲಾಕ್ 1 ಕೆಬಿಯದ್ದಾದರೆ ಸೋಲುವುದು ಬೇರೆ ಎಣಿಕೆ. ಬ್ಲಾಕ್‌ಗೆ 256 ವಿಳಾಸ ಮಾತ್ರ ಹಿಡಿಯುವುದರಿಂದ ಮೂರು ಹಂತ ಇಳಿದರೂ ಫೈಲ್ ಸುಮಾರು 16 ಜಿಬಿಗೆ ನಿಲ್ಲುತ್ತದೆ.

2008ರ ಕೊನೆಯಲ್ಲಿ ಲಿನಕ್ಸ್ 2.6.28ರೊಂದಿಗೆ ಸ್ಥಿರಗೊಂಡ ಎಕ್ಸ್ಟ್4 ಈ ಹಂತಗಳ ಮೆಟ್ಟಿಲನ್ನು ಕೈಬಿಟ್ಟಿತು. ‘ಇಲ್ಲಿಂದ ಶುರು, ಇಷ್ಟು ಬ್ಲಾಕ್‌ಗಳು ಸಾಲಾಗಿ’ ಎಂದು ಒಟ್ಟಿಗೆ ಬರೆದುಕೊಳ್ಳುವ ಪದ್ಧತಿ ಅದರದ್ದು. ಆದರೂ ಫೈಲ್‌ನೊಳಗೆ ಎಷ್ಟನೆಯ ಬ್ಲಾಕ್ ಎಂಬುದಕ್ಕೆ 32 ಬಿಟ್‌ಗಳೇ ಉಳಿದವು. 4 ಕೆಬಿ ಬ್ಲಾಕ್‌ನೊಡನೆ ಗುಣಿಸಿದರೆ ಮತ್ತೆ ಅದೇ 16 ಟಿಬಿ. ಡಿಸ್ಕ್‌ನ ಮೇಲಿನ ವಿಳಾಸಕ್ಕೆ ಮಾತ್ರ 48 ಬಿಟ್ ಕೊಟ್ಟಿದ್ದರಿಂದ ಇಡೀ ವಿಭಾಗ 1 ಎಕ್ಸಾಬೈಟ್ ಇರಬಹುದು.

ಮಿಕ್ಕ ದೈತ್ಯರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಎಕ್ಸ್‌ಎಫ್‌ಎಸ್‌ನಲ್ಲಿ 8 ಎಕ್ಸಾಬೈಟ್, ಆಪಲ್‌ನ ಎಚ್‌ಎಫ್‌ಎಸ್ ಪ್ಲಸ್ ಮತ್ತು 2017ರ ಎಪಿಎಫ್‌ಎಸ್‌ನಲ್ಲಿ 8 ಎಕ್ಸಾಬೈಟ್, ಝಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್‌ನಲ್ಲಿ 16 ಎಕ್ಸಾಬೈಟ್. ಈ ಅಂಕಿಗಳು ಜಾಹೀರಾತಿಗೆ ಚಂದ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಬರೆಯುತ್ತಾ ಕೂತರೆ 16 ಎಕ್ಸಾಬೈಟ್‌ನ ಫೈಲ್ ತುಂಬಲು ಐದು ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ಯಾವ ಫೈಲ್ ಸಿಸ್ಟಂ ಒಳ್ಳೆಯದು ಎಂದು ತೀರ್ಮಾನಿಸಲು 8 ಮತ್ತು 16ರ ನಡುವಿನ ವ್ಯತ್ಯಾಸವನ್ನು ಹಿಡಿದು ವಾದಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಆ 8ರ ಹಿಂದೆ ಒಂದು ಕಾರಣವಿದೆ, ಅದನ್ನು ತಿಳಿದರೆ ಹಳೆಯ ಇನ್ನೊಂದು ಕಾಟವೂ ಅರ್ಥವಾಗುತ್ತದೆ. ಫೈಲ್‌ನಲ್ಲಿ ಈಗ ಎಲ್ಲಿದ್ದೇವೆ ಎಂಬ ಸ್ಥಾನವನ್ನು ಕಾರ್ಯಾಚರಣಾ ವ್ಯವಸ್ಥೆಗಳು ಋಣಸಂಖ್ಯೆಗೂ ಎಡೆಯಿರುವಂತೆ ಇಟ್ಟುಕೊಳ್ಳುತ್ತವೆ. ಹಿಂದಕ್ಕೆ ಚಲಿಸಬೇಕಾಗುತ್ತದೆ, ದೋಷವಾದಾಗ ಋಣ ಒಂದನ್ನು ಮರಳಿಸಬೇಕಾಗುತ್ತದೆ. ಹೀಗಾಗಿ ಒಂದು ಬಿಟ್ ಚಿಹ್ನೆಗೆ ಹೋಗಿ 64ರಲ್ಲಿ 63 ಉಳಿಯುತ್ತವೆ, 16 ಎಕ್ಸಾಬೈಟ್ ಅರ್ಧವಾಗಿ 8 ಆಗುತ್ತದೆ. 32 ಬಿಟ್‌ಗಳ ಕಾಲದಲ್ಲಿ ಇದೇ ಲೆಕ್ಕ 2 ಜಿಬಿಗೆ ಮುಗಿಯುತ್ತಿತ್ತು. ಫೈಲ್ ಸಿಸ್ಟಂ ದೊಡ್ಡ ಫೈಲನ್ನು ಒಪ್ಪಿದರೂ ಪ್ರೋಗ್ರಾಂ 2 ಜಿಬಿಯಲ್ಲಿ ಮುಗ್ಗರಿಸುತ್ತಿತ್ತು. 1990ರ ದಶಕದಲ್ಲಿ ಯುನಿಕ್ಸ್ ತಯಾರಕರು ಒಟ್ಟಾಗಿ ಕೂತು, 32 ಬಿಟ್ ಯಂತ್ರಗಳಲ್ಲೂ 64 ಬಿಟ್ ಸ್ಥಾನ ಬಳಸುವ ವಿಧಾನವನ್ನು ಗೊತ್ತುಮಾಡಿದ ಮೇಲೆ ಇದು ಕ್ರಮೇಣ ಮರೆಯಾಯಿತು. ಹಳೆಯ ಉಪಕರಣಗಳಲ್ಲಿ ಇಂದಿಗೂ ಸರಿಯಾಗಿ 2 ಜಿಬಿಗೆ ಏನಾದರೂ ನಿಂತರೆ ಅನುಮಾನ ಮೊದಲು ಇದರ ಮೇಲೆ ಹೋಗಬೇಕು.

ಫೈಲ್‌ನ ಸ್ವರೂಪಕ್ಕೂ ತನ್ನದೇ ಮಿತಿ ಇರಬಹುದು, ಇದನ್ನು ಬಹಳ ಜನ ಮರೆಯುತ್ತಾರೆ. ಮೂಲ ಝಿಪ್‌ನಲ್ಲಿ ಗಾತ್ರಕ್ಕೆ 32 ಬಿಟ್‌ಗಳಿದ್ದು 4 ಜಿಬಿಗೆ ಮುಗಿಯುತ್ತಿತ್ತು. ಝಿಪ್64 ಬಂದದ್ದು ಅದಕ್ಕಾಗಿಯೇ. ವೇವ್ ಧ್ವನಿ ಫೈಲ್‌ಗೂ ಅದೇ 4 ಜಿಬಿ. ಹಲವು ಫೈಲ್‌ಗಳನ್ನು ಒಂದಾಗಿ ಕಟ್ಟುವ ಹಳೆಯ ಟಾರ್ ಶೈಲಿಯಲ್ಲಿ ಗಾತ್ರವನ್ನು ಅಷ್ಟಮಾನ ಪದ್ಧತಿಯ 11 ಅಂಕಿಗಳಲ್ಲಿ ಅಕ್ಷರರೂಪದಲ್ಲೇ ಬರೆಯುತ್ತಿದ್ದರು. ಎಂಟರ ಹನ್ನೊಂದನೆಯ ಘಾತ ಎಂದರೆ 8 ಜಿಬಿ, ಅದಕ್ಕಿಂತ ದೊಡ್ಡ ಫೈಲ್ ಅದರೊಳಗೆ ಹೋಗುತ್ತಿರಲಿಲ್ಲ. ಹಾಗಾಗಿ ಎಲ್ಲಿಯೋ ಒಂದು ಕೆಲಸ 2, 4, 8 ಜಿಬಿ ಅಥವಾ 2, 16 ಟಿಬಿಯಂಥ ದುಂಡಾದ ಅಂಕಿಯಲ್ಲಿ ನಿಂತರೆ ಡಿಸ್ಕ್ ಬದಲಿಸಲು ಹೊರಡಬೇಡಿ. ಎಲ್ಲಿ ಯಾವ ಸಂಖ್ಯೆಯ ಜಾಗ ತುಂಬಿತು ಎಂದು ಹುಡುಕಿ. ಡಿಸ್ಕ್ ಕೆಟ್ಟರೆ ಅದು ಇಷ್ಟು ಶಿಸ್ತಾಗಿ ಎರಡರ ಘಾತ ನೋಡಿಕೊಂಡು ಕೆಡುವುದಿಲ್ಲ.

ಇನ್ನು ನಿಮ್ಮ ಆಯ್ಕೆ. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓದಿ ಬರೆಯಬೇಕು ಎಂದಾದರೆ ಎಕ್ಸ್‌ಫ್ಯಾಟ್. ಎನ್‌ಟಿಎಫ್‌ಎಸ್ ಡ್ರೈವನ್ನು ಮ್ಯಾಕ್ ಓದುತ್ತದೆ, ಹೆಚ್ಚುವರಿ ತಂತ್ರಾಂಶ ಇಲ್ಲದೆ ಬರೆಯುವುದಿಲ್ಲ. ಎಪಿಎಫ್‌ಎಸ್ ವಿಂಡೋಸ್‌ಗೆ ತಾನಾಗಿ ಅರ್ಥವಾಗದು. ಎಕ್ಸ್‌ಫ್ಯಾಟ್ 2006ರಲ್ಲಿ ಮೈಕ್ರೋಸಾಫ್ಟ್‌ನಿಂದ ಬಂದದ್ದು. ಅದರಲ್ಲೂ ಫೋಲ್ಡರ್‌ನ ನಮೂದು 32 ಬೈಟ್‌ಗಳದ್ದೇ, ಆದರೆ ಒಂದು ಫೈಲ್‌ಗೆ ಇಂಥ ಹಲವು ನಮೂದುಗಳನ್ನು ಸಾಲಾಗಿ ಕೊಟ್ಟು ಗಾತ್ರಕ್ಕೆ 64 ಬಿಟ್ ಒದಗಿಸಿದ್ದಾರೆ. ಕ್ಲಸ್ಟರ್ ಎಣಿಕೆಯ ಲೆಕ್ಕ ಹಿಡಿದರೆ ಮಿತಿ 128 ಪೆಟಾಬೈಟ್. ಮೈಕ್ರೋಸಾಫ್ಟ್ 2019ರಲ್ಲಿ ಅದರ ವಿವರಗಳನ್ನು ಬಹಿರಂಗಪಡಿಸಿದ ಮೇಲೆ ಲಿನಕ್ಸ್ ಕರ್ನಲ್ ಕೂಡ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. 32 ಜಿಬಿಗಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಮೆಮೊರಿ ಕಾರ್ಡ್‌ಗಳಿಗೆ ನಿಗದಿಯಾದ ಫೈಲ್ ಸಿಸ್ಟಂ ಕೂಡ ಇದೇ.

ಎರಡು ಕೊರತೆಗಳು ಗೊತ್ತಿರಲಿ. ಒಂದು, ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಮಾಡಲಿರುವ ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಾಖಲೆ) ಇಲ್ಲ, ಮತ್ತು ಫ್ಯಾಟ್32ರಲ್ಲಿ ಕ್ಲಸ್ಟರ್ ಕೋಷ್ಟಕದ ಎರಡು ಪ್ರತಿಗಳಿದ್ದರೆ ಇದರಲ್ಲಿ ಸಾಮಾನ್ಯವಾಗಿ ಒಂದೇ. ಬರೆಯುತ್ತಿರುವಾಗ ಕಿತ್ತರೆ ಪೆಟ್ಟು ಜೋರಾಗಿಯೇ ಬೀಳುತ್ತದೆ. ‘ಎಜೆಕ್ಟ್’ ಒತ್ತಿಯೇ ತೆಗೆಯಿರಿ. ಇನ್ನೊಂದು, 32 ಜಿಬಿ ಮೀರಿದ ಡ್ರೈವ್‌ನಲ್ಲಿ ವಿಂಡೋಸ್ ಎಕ್ಸ್‌ಫ್ಯಾಟ್‌ಗೆ ತಾನಾಗಿ ಆರಿಸುವ ಕ್ಲಸ್ಟರ್ 128 ಕೆಬಿಯದ್ದು. 1 ಕೆಬಿಯ ಫೈಲ್ ಕೂಡ 128 ಕೆಬಿ ನುಂಗುತ್ತದೆ. ವಿಡಿಯೊಗಳಿಗೆ ಇದರಿಂದ ನಷ್ಟವಿಲ್ಲ. ಸಾವಿರಾರು ಪುಟ್ಟ ಫೈಲ್‌ಗಳನ್ನು ಇಡುವವರು ಫಾರ್ಮ್ಯಾಟ್ ಮಾಡುವಾಗ ಕ್ಲಸ್ಟರ್ ಗಾತ್ರವನ್ನು ಇಳಿಸಿಕೊಳ್ಳಬೇಕು.

ತೊಡಕು ಬರುವುದು ಟಿವಿಯಲ್ಲಿ. ಹೊಸ ಟಿವಿಗಳಲ್ಲಿ ಹೆಚ್ಚಿನವು ಎಕ್ಸ್‌ಫ್ಯಾಟ್ ಓದುತ್ತವೆ, ಹಳೆಯವು ಫ್ಯಾಟ್32 ಅನ್ನು ಮಾತ್ರ ಓದುತ್ತವೆ, ಅವುಗಳಲ್ಲಿ ಕೆಲವು ಎನ್‌ಟಿಎಫ್‌ಎಸ್ ಅನ್ನೂ ಓದುತ್ತವೆ. ಕೈಪಿಡಿಯ ಯುಎಸ್‌ಬಿ ಪುಟದಲ್ಲಿ ಇದನ್ನು ನಮೂದಿಸಿರುತ್ತಾರೆ, ಫಾರ್ಮ್ಯಾಟ್ ಮಾಡುವ ಮೊದಲೇ ನೋಡಿಬಿಡಿ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಮಾಡುವುದಾದರೆ ಡಿಸ್ಕ್ ಯುಟಿಲಿಟಿಯಲ್ಲಿ ಎಕ್ಸ್‌ಫ್ಯಾಟ್ ಜೊತೆಗೆ ‘ಮಾಸ್ಟರ್ ಬೂಟ್ ರೆಕಾರ್ಡ್’ ಎಂಬ ಯೋಜನೆಯನ್ನೂ (ಸ್ಕೀಮ್) ಆರಿಸಿ. ಇನ್ನೊಂದು ಯೋಜನೆಯಲ್ಲಿ ಮಾಡಿದ ಡ್ರೈವ್ ಕಂಪ್ಯೂಟರ್‌ಗಳಲ್ಲಿ ಸರಿಯಾಗಿ ನಡೆದರೂ ಎಷ್ಟೋ ಟಿವಿಗಳಿಗೆ ಕಾಣಿಸುವುದೇ ಇಲ್ಲ.

ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಹೋಗುತ್ತದೆ, ಮೊದಲು ಬೇರೆಡೆ ನಕಲಿಸಿಕೊಳ್ಳಿ. ಫ್ಯಾಟ್32ರಿಂದ ಎನ್‌ಟಿಎಫ್‌ಎಸ್‌ಗೆ ಮಾತ್ರ ವಿಂಡೋಸ್‌ನ ‘ಕನ್ವರ್ಟ್’ ಆದೇಶದಿಂದ ಇರುವುದನ್ನು ಉಳಿಸಿಕೊಂಡೇ ಬದಲಾಗಬಹುದು, ಆದರೆ ಅದೇ ಆದೇಶದಿಂದ ಹಿಂದಿರುಗಲು ಬಾರದು. ಎಕ್ಸ್‌ಫ್ಯಾಟ್‌ಗೆ ಅಂಥ ನೇರ ದಾರಿ ವಿಂಡೋಸ್‌ನಲ್ಲಿಲ್ಲ.

ನಿಮ್ಮ ಟಿವಿ ಫ್ಯಾಟ್32 ಬಿಟ್ಟು ಬೇರೇನೂ ಓದುವುದಿಲ್ಲ ಎಂದಾದರೆ ವಿಡಿಯೊವನ್ನೇ ತುಂಡು ಮಾಡಬೇಕು. ಇಲ್ಲಿ ಎಚ್ಚರ ಬೇಕು. 7-ಝಿಪ್‌ನಂಥವುಗಳು ಅಥವಾ ಲಿನಕ್ಸ್‌ನ ‘ಸ್ಪ್ಲಿಟ್’ ಬೈಟ್ ಲೆಕ್ಕದಲ್ಲಿ ಕತ್ತರಿಸುತ್ತವೆ. ಆ ತುಂಡುಗಳನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ಮತ್ತೆ ಜೋಡಿಸಿದರೆ ಮಾತ್ರ ಪ್ರಯೋಜನ. ಟಿವಿ ಎರಡನೆಯ ತುಂಡನ್ನು ಗುರುತಿಸುವುದೂ ಇಲ್ಲ. ಟಿವಿಯಲ್ಲಿ ನೋಡಲಿಕ್ಕಾದರೆ ವಿಡಿಯೊ ಸಂಪಾದನೆಯ ತಂತ್ರಾಂಶದಲ್ಲಿ, ಮರುಸಂಕೇತನ (ರೀ-ಎನ್‌ಕೋಡ್) ಮಾಡದೆ, ಎರಡು ಸ್ವತಂತ್ರ ಫೈಲ್‌ಗಳಾಗಿ ಕತ್ತರಿಸಿ. ಗುಣಮಟ್ಟ ಕುಂದುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ.

ಕೊನೆಗೆ, ವಿಫಲವಾದ ನಕಲಿನ ಗುರುತು ಡ್ರೈವ್‌ನಲ್ಲಿ ಉಳಿದಿದೆಯೇ ನೋಡಿ. ವಿಂಡೋಸ್ ಎಕ್ಸ್‌ಪ್ಲೋರರ್ ಮತ್ತು ಮ್ಯಾಕ್‌ನ ಫೈಂಡರ್ ಗಾತ್ರವನ್ನು ಮೊದಲೇ ನೋಡಿ ನಿರಾಕರಿಸುತ್ತವೆ. ಲಿನಕ್ಸ್‌ನ ನಕಲು ಆದೇಶ ಹಾಗಲ್ಲ, ಬರೆಯುತ್ತಾ ಹೋಗಿ 4 ಜಿಬಿ ತಲುಪಿದಾಗ ದೋಷ ತೋರಿಸಿ ನಿಲ್ಲುತ್ತದೆ, ಅಲ್ಲಿಯವರೆಗೆ ಬರೆದದ್ದು ಮೂಲದ ಹೆಸರಿನಲ್ಲೇ ಉಳಿಯುತ್ತದೆ. ಫೈಲ್‌ನ ಗಾತ್ರ ಸರಿಯಾಗಿ 4,29,49,67,295 ಬೈಟ್ ಎಂದು ಕಂಡರೆ ಅದು ಅರ್ಧಂಬರ್ಧ ಪ್ರತಿ. ಅದನ್ನು ಅಳಿಸಿ, ಮೂಲ ಫೈಲನ್ನು ಮಾತ್ರ ಜೋಪಾನವಾಗಿಟ್ಟುಕೊಳ್ಳಿ.